ನಿರುದ್ಯೋಗ ದರ ಇಳಿದಿದೆ ಎಂದಾಗ ಏನೇನು ನೋಡಬೇಕು?

2020ರ ಜುಲೈನಿಂದ 2021ರ ಜೂನ್‌ವರೆಗಿನ ವರ್ಷವನ್ನು ನೆನಪಿಸಿಕೊಳ್ಳಿ. ಲಾಕ್‌ಡೌನ್‌ನ ಪೆಟ್ಟು ಇನ್ನೂ ಮಾಸಿರಲಿಲ್ಲ, ಅಷ್ಟರಲ್ಲಿ ಕೋವಿಡ್‌ನ ಎರಡನೇ ಅಲೆ ಬಂದೆರಗಿತ್ತು. ಆ ವರ್ಷ ಭಾರತದ ನಿರುದ್ಯೋಗ ದರ ಶೇ 4.8ರಿಂದ ಶೇ 4.2ಕ್ಕೆ ಇಳಿಯಿತು! ಲೆಕ್ಕದಲ್ಲಿ ಮೋಸವಿರಲಿಲ್ಲ. ನಾವು ಆ ಅಂಕಿಯಿಂದ ತಿಳಿಯಬಯಸಿದ್ದು ಅದರೊಳಗೆ ಇರಲಿಲ್ಲ, ಅಷ್ಟೇ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2017ರಿಂದ ನಡೆಸುತ್ತಿರುವ ಕಾರ್ಮಿಕ ಬಲ ಸಮೀಕ್ಷೆಯನ್ನು (ಪಿಎಲ್‌ಎಫ್‌ಎಸ್) ಓದುವಾಗ ಈ ಕ್ರಮ ಅನುಸರಿಸಿ ನೋಡಿ.

ಹೆಜ್ಜೆ 1: ಭಾಗಿಸಿದ್ದು ಯಾವುದರಿಂದ?

ನಿರುದ್ಯೋಗ ದರ ಎಂದರೆ ಊರಿನ ನೂರು ಜನರಲ್ಲಿ ಎಷ್ಟು ಮಂದಿ ಖಾಲಿ ಕುಳಿತಿದ್ದಾರೆ ಎಂಬುದಲ್ಲ. ಕೆಲಸದಲ್ಲಿರುವವರು ಮತ್ತು ಕೆಲಸಕ್ಕೆ ಸಿದ್ಧರಿದ್ದೂ ಸಿಗದವರು, ಇವರಿಬ್ಬರೇ ಲೆಕ್ಕಕ್ಕೆ. 50 ಮಂದಿ ದುಡಿಯುತ್ತಿದ್ದು, 10 ಮಂದಿ ಹುಡುಕುತ್ತಿದ್ದರೆ ದರ ಶೇ 16.7. ಆ ಹತ್ತರಲ್ಲಿ ಐವರು ಬೇಸತ್ತು ಕೆಲಸದ ಆಸೆಯನ್ನೇ ಬಿಟ್ಟರೆ ದರ ಶೇ 9.1ಕ್ಕೆ ಕುಸಿಯುತ್ತದೆ. ಒಬ್ಬರಿಗೂ ಕೆಲಸ ಸಿಕ್ಕಿಲ್ಲ! ಹಾಗಾಗಿ ಕಾರ್ಮಿಕ ಬಲದ ಪಾಲ್ಗೊಳ್ಳುವಿಕೆ ದರವನ್ನು, ಅಂದರೆ ನೂರು ಜನರಲ್ಲಿ ದುಡಿಯುತ್ತಿರುವವರು ಮತ್ತು ಕೆಲಸ ಹುಡುಕುತ್ತಿರುವವರು ಸೇರಿ ಎಷ್ಟು ಮಂದಿ ಎಂಬುದನ್ನು, ಪಕ್ಕದಲ್ಲಿಟ್ಟುಕೊಂಡೇ ಓದಬೇಕು.

ಹೆಜ್ಜೆ 2: ವರ್ಷದ ಲೆಕ್ಕವೋ, ವಾರದ್ದೋ?

2023–24ರಲ್ಲಿ ನಿರುದ್ಯೋಗ ಶೇ 3.2 ಎಂದವರೂ ಸರಿ, ಶೇ 4.9 ಎಂದವರೂ ಸರಿ. ಮೊದಲನೆಯದು ‘ಸಾಮಾನ್ಯ ಸ್ಥಿತಿ’. ಇದರಲ್ಲಿ ವರ್ಷದ ಬಹುಪಾಲು ಕೆಲಸ ಹುಡುಕಿದವರೂ 30 ದಿನ ದುಡಿದಿದ್ದರೆ ಉದ್ಯೋಗಸ್ಥರೇ. ಎರಡನೆಯದು ‘ವಾರದ ಸ್ಥಿತಿ’. ಏಳು ದಿನಗಳಲ್ಲಿ ಒಂದು ದಿನ, ಒಂದೇ ಒಂದು ಗಂಟೆ ದುಡಿದರೂ ಸಾಕು. 2025ರಿಂದ ಪ್ರತಿ ತಿಂಗಳು ಬರುತ್ತಿರುವುದು ವಾರದ ಲೆಕ್ಕ. ಅದನ್ನು ಹಳೆಯ ವಾರ್ಷಿಕ ದರದ ಜತೆ ಹೋಲಿಸಿ ‘ಏರಿತು’ ಎಂದು ಬೊಬ್ಬೆ ಹೊಡೆಯುವುದೂ ತಪ್ಪೇ.

ಹೆಜ್ಜೆ 3: ಎಂಥ ಕೆಲಸ?

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. 2018–19ರಲ್ಲಿ ದುಡಿಯುವವರ ಪೈಕಿ ಶೇ 42.5 ಮಂದಿ ಕೃಷಿಯಲ್ಲಿದ್ದರು. 2020–21ರ ವೇಳೆಗೆ ಅದು ಶೇ 46.5 ಆಯಿತು. ನಗರದಲ್ಲಿ ಸಂಬಳ ಕಳೆದುಕೊಂಡವರು ಊರಿಗೆ ಮರಳಿ, ಇಬ್ಬರಿಗೆ ಸಾಲುವ ಹೊಲದಲ್ಲಿ ನಾಲ್ವರಾಗಿ ದುಡಿದರು. ಅರ್ಥಶಾಸ್ತ್ರಜ್ಞರು ಇದನ್ನು ಮರೆಮಾಚಿದ ನಿರುದ್ಯೋಗ ಎನ್ನುತ್ತಾರೆ. ಸಮೀಕ್ಷೆಯ ನಮೂನೆಯಲ್ಲಿ ಮಾತ್ರ ಅವರೆಲ್ಲ ಉದ್ಯೋಗಸ್ಥರು.

ಎಂಜಿನಿಯರಿಂಗ್ ಮುಗಿಸಿ, ಕೆಲಸ ಸಿಗದೆ, ಅಪ್ಪನ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ತೂಗುವ ಹುಡುಗನೂ ಉದ್ಯೋಗಸ್ಥನೇ, ಕೈಗೆ ಬಿಡಿಗಾಸು ಬರದಿದ್ದರೂ. ಮಹಿಳೆಯರ ಅಂಕಿಗಳಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಅವರ ಪಾಲ್ಗೊಳ್ಳುವಿಕೆ 2017–18ರ ಶೇ 23.3ರಿಂದ 2023–24ರಲ್ಲಿ ಶೇ 41.7ಕ್ಕೆ ಜಿಗಿದಿದೆ. ಖುಷಿಯ ಸುದ್ದಿಯೇ. ಆದರೆ ದುಡಿಯುವ ಮಹಿಳೆಯರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚಿನವರು ಮನೆಯ ಹೊಲ, ಹೈನುಗಾರಿಕೆ, ಅಂಗಡಿಗಳಲ್ಲಿ ಸಂಬಳವಿಲ್ಲದ ಸಹಾಯಕರು. ಈ ಕೆಲಸ ಕೀಳೆಂದು ನಾನು ಹೇಳುತ್ತಿಲ್ಲ. ಅದನ್ನು ಆರ್ಥಿಕತೆ ಸೃಷ್ಟಿಸಿದ ಹೊಸ ಉದ್ಯೋಗ ಎಂದು ಭಾಷಣದಲ್ಲಿ ಎಣಿಸುವುದಕ್ಕಷ್ಟೇ ನನ್ನ ತಕರಾರು.

ಹೆಜ್ಜೆ 4: ಯಾರ ಸರಾಸರಿ?

ಒಟ್ಟು ದರ ಶೇ 3.2 ಇದ್ದ ಅದೇ ವರ್ಷ 15ರಿಂದ 29 ವಯಸ್ಸಿನವರಲ್ಲಿ ಅದು ಶೇ 10.2 ಇತ್ತು. ಬಡವರು ಒಂದು ವಾರವೂ ಕೆಲಸವಿಲ್ಲದೆ ಕಾಯಲಾರರು, ಸಿಕ್ಕಿದ್ದನ್ನು ಮಾಡುತ್ತಾರೆ. ಒಳ್ಳೆಯ ಕೆಲಸಕ್ಕಾಗಿ ಕಾಯುವ ಶಕ್ತಿ ಇರುವುದು ಮನೆಯವರ ಆಸರೆ ಇದ್ದವರಿಗೆ. ಹೀಗಾಗಿ ಬಡತನ ಹೆಚ್ಚಿರುವಲ್ಲಿ ದರ ಕಡಿಮೆ ಇದ್ದರೆ ಅಚ್ಚರಿಪಡಬೇಕಿಲ್ಲ.

ಕೊನೆಗೆ, ಪಿಎಲ್‌ಎಫ್‌ಎಸ್‌ನ ವಾರ್ಷಿಕ ವರದಿಯಲ್ಲಿ ಸಂಬಳದಾರರು, ದಿನಗೂಲಿಗಳು ಮತ್ತು ಸ್ವಯಂ ಉದ್ಯೋಗಿಗಳ ಗಳಿಕೆಯ ಕೋಷ್ಟಕಗಳಿವೆ. ಎರಡು ವರ್ಷಗಳ ಗಳಿಕೆಯನ್ನು ಪಕ್ಕಪಕ್ಕ ಬರೆದು, ಆ ಅವಧಿಯ ಬೆಲೆ ಏರಿಕೆಯನ್ನು ಕಳೆಯಿರಿ. ಪತ್ರಿಕೆಗಳ ಮುಖಪುಟಕ್ಕೆ ಈ ಲೆಕ್ಕ ಬರುವುದು ಅಪರೂಪ, ನೀವೇ ಮಾಡಿಕೊಳ್ಳಬೇಕು.