ಬೆಳಿಗ್ಗೆ ಹೋಗುವ ದಾರ, ರಾತ್ರಿ ಬರುವ ದಾರ

ಗಂಡಸು ಕಸೂತಿ ಹಾಕ್ತಾನೆ ಅಂತ ಮನೆಯವರೆಲ್ಲ ನಕ್ಕಿದ್ದಾಯಿತು. ಈಗ 8 ತಿಂಗಳಾಯಿತು, ಯಾರೂ ನಗುತ್ತಿಲ್ಲ. ಅದಕ್ಕೇ ಬರೆಯೋ ಧೈರ್ಯ ಬಂದಿದೆ.

ಮೊದಲು ದುಡ್ಡು ಕಳೆದ ಕತೆ. ಬೆಂಗಳೂರಿನ ಕೆಲಸ, ದಿನಕ್ಕೆ 2 ಗಂಟೆ ಬಸ್ಸು, ರಾತ್ರಿ 12ರವರೆಗೆ ಫೋನು. ಸ್ವಲ್ಪ ನಿಧಾನ ಆಗೋಣ ಅಂತ ಧ್ಯಾನದ ಆಪ್‌ಗೆ ವರ್ಷದ ಚಂದಾ ಸುಮಾರು 2,000 ಕಟ್ಟಿದೆ. 6 ದಿನ ಕೇಳಿದೆ. ಚರ್ಮದ ರಟ್ಟಿನ ಡೈರಿಗೆ 900. ಅದರಲ್ಲಿ 11 ಪುಟ ತುಂಬಿವೆ, ಕೊನೆಯ 2 ಪುಟ ದಿನಸಿ ಪಟ್ಟಿ. ಆನ್‌ಲೈನ್ ಚಿತ್ರಕಲೆ ಕ್ಲಾಸು 4,500. ಮೂರನೇ ಪಾಠ ಇನ್ನೂ ಅಲ್ಲೇ ಕಾಯ್ತಿದೆ.

ಧಾರವಾಡಕ್ಕೆ ಹೋದಾಗ ಸೋದರತ್ತೆ ಕಿಟಕಿ ಪಕ್ಕ ಕೂತು ಇಳಕಲ್ ಸೀರೆಯ ಸೆರಗಿಗೆ ಕಸೂತಿಯಲ್ಲಿ ತೇರಿನ ಚಿತ್ರ ಹಾಕುತ್ತಿದ್ದರು. ನನಗೂ ಕಲಿಸಿ ಅಂದೆ. "ನಿನಗ ಎಣಸೂ ತಾಳ್ಮಿ ಎಲ್ಲೆ ಅದನೋ?" ಅಂದರು. ಬೇಜಾರಾಯಿತು, ಆದರೆ ಮಾತು ನಿಜವೇ. ಕಸೂತಿ ಅಂದರೆ ಬಟ್ಟೆಯ ಎಳೆ ಎಣಿಸಿ ಹಾಕೋ ಹೊಲಿಗೆ.

ಮೊದಲ ಪೆಟ್ಟು ಬಟ್ಟೆಯದು. ಅವಸರದಲ್ಲಿ ಪಾಪ್ಲಿನ್ ತಂದೆ. ಎಳೆ ಕಾಣದ ಬಟ್ಟೆಯ ಮೇಲೆ ಏನು ಎಣಿಸ್ತೀರಿ? ಒಂದು ವಾರ ಕಣ್ಣು ಉರಿ, ಚಶ್ಮಾ ನಂಬರ್ ಹೆಚ್ಚಾಯಿತೇನೋ ಅಂತ ಡಾಕ್ಟರ್ ಹತ್ತಿರ 600 ಬೇರೆ. ಆಮೇಲೆ ಎಳೆ ಬಿಡಿಬಿಡಿಯಾಗಿ ಕಾಣೋ ಮ್ಯಾಟಿ ಬಟ್ಟೆ ಅರ್ಧ ಮೀಟರ್, 120ರ ಆಸುಪಾಸು. ದಾರದ ಲಡಿ ಒಂದಕ್ಕೆ 15 ಇರಬಹುದು. ಮೊಂಡು ತುದಿಯ ಸೂಜಿ ಒಂದು ಪ್ಯಾಕೆಟ್. ಒಟ್ಟು ಖರ್ಚು ಡೈರಿಯ ಅರ್ಧದಷ್ಟೂ ಇಲ್ಲ!

ಈಗ ನನ್ನ ವಿಧಾನ. ಗವಂತಿ ಅನ್ನೋ ಕಸೂತಿ ಹೊಲಿಗೆ ಹಾಕುವವರಿಗೆ ಗೊತ್ತೇ ಇದೆ, ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟ ಜಾಗ ತುಂಬುವುದು. ನಾನು ಹೋಗುವುದನ್ನು ಬೆಳಿಗ್ಗೆಗೆ ಇಟ್ಟೆ, ಬರುವುದನ್ನು ರಾತ್ರಿಗೆ. ಕಾಫಿಗೆ ಮುಂಚೆ 20 ನಿಮಿಷ, ಮಲಗುವ ಮುಂಚೆ 20 ನಿಮಿಷ. ರಾತ್ರಿ ಒಂದೊಂದು ಖಾಲಿ ಜಾಗ ತುಂಬುವಾಗ ಆ ದಿನದ ಒಂದೊಂದು ಸಂಗತಿ ನೆನೆಯಬೇಕು. ಯಾರ ಮೇಲೆ ರೇಗಿದೆ, ಊಟಕ್ಕೆ ಏನಿತ್ತು, ಬಸ್ಸಲ್ಲಿ ಪಕ್ಕ ಕೂತವರು ಏನಂದರು. ಡೈರಿ ಬರೆಯೋಕೆ ಆಗದವನಿಗೆ ಇದು ಆಯಿತು.

ಫೋನಲ್ಲಿ ಹೇಳಿದಾಗ ಅತ್ತೆ ಒಪ್ಪಲಿಲ್ಲ. "ಅರ್ಧಕ್ಕ ಬಿಟ್ಟು ಎದ್ರ ಲೆಕ್ಕ ತಪ್ತದ. ಹೋಗಿ ಬಂದೇ ಏಳಬೇಕು." ಎರಡು ತಿಂಗಳು ಅವರ ಮಾತೇ ಗೆದ್ದಿತು. ಬೆಳಿಗ್ಗೆ ಹುಮ್ಮಸ್ಸಿನಲ್ಲಿ ಉದ್ದಕ್ಕೆ ಹೋಗಿಬಿಡುತ್ತಿದ್ದೆ, ರಾತ್ರಿ ವಾಪಸ್ ಬರಲು ಸಾಕಾಗುತ್ತಿರಲಿಲ್ಲ. ಮರುದಿನ ಯಾವ ಸಾಲು ಎಲ್ಲಿ ನಿಂತಿದೆ ಗೊತ್ತಾಗದು. ಒಂದು ಗೋಪುರವನ್ನು 4 ಸಲ ಬಿಚ್ಚಿದೆ. ದಾರ ಜುಂಗು ಜುಂಗಾಗಿ ಕೊನೆಗೆ ಬಟ್ಟೆಯೇ ತೂತಾಯಿತು.

ಸರಿಹೋದದ್ದು ಸಾಲು ಮೋಟು ಮಾಡಿದಾಗ. ಈಗ ಬೆಳಿಗ್ಗೆ 40 ಹೊಲಿಗೆ ದಾಟುವುದಿಲ್ಲ. ಮನಸ್ಸು ಇನ್ನೂ ಬೇಕು ಅಂದರೂ ಸೂಜಿ ಸಿಕ್ಕಿಸಿ ಎದ್ದುಬಿಡ್ತೀನಿ. ಕವಲು ಬರುವ ಜಾಗದಲ್ಲಿ ದಾರಿ ಮರೆಯದಿರಲು ಬೇರೊಂದು ಉಪಾಯ ಇದೆ. ಅದನ್ನು ಈಗ ಬಿಟ್ಟುಕೊಡಲ್ಲ, ಅತ್ತೆಗೂ ಹೇಳಿಲ್ಲ.

ಮಧ್ಯೆ ಬೇರೆ ಆಟಗಳೂ ನಡೆದವು. ಈರುಳ್ಳಿ ಸಿಪ್ಪೆ, ಪಟಿಕ ಹಾಕಿ ಬಿಳಿ ದಾರ ಕುದಿಸಿದೆ. ಚಂದದ ಜೇನು ಬಣ್ಣ ಬಂತು, ಮೂರನೇ ಒಗೆತಕ್ಕೆ ಪೇಲವ. ಲಕ್ಕುಂಡಿಯ ಗುಡಿ ಬಾಗಿಲಿನ ಕೆತ್ತನೆ ಫೋಟೊ ತೆಗೆದು ತಂದೆ, ಅದರಿಂದ ಒಂದು ಗೆರೆಯೂ ಇಳಿಯಲಿಲ್ಲ. ಮತ್ತೆ ಹೋಗಿ, ಮಗಳ ಚೌಕುಳಿ ಪುಸ್ತಕ ತೊಡೆ ಮೇಲಿಟ್ಟುಕೊಂಡು ಒಂದೇ ಹೂವಿನ ಮುಂದೆ ಅರ್ಧ ಗಂಟೆ ಕೂತೆ. ಆಗ ಬಂತು. ಆಫೀಸಿನ ಆನ್‌ಲೈನ್ ಮೀಟಿಂಗಲ್ಲಿ ಕ್ಯಾಮೆರಾ ಆಫ್ ಮಾಡಿ ಹೊಲಿಯೋ ಪ್ರಯೋಗ ಮಾತ್ರ ಮಾಡಬೇಡಿ. "ನಿಮ್ಮ ಅಭಿಪ್ರಾಯ?" ಅಂದಾಗ ನಾನು "ಹದಿನೇಳು" ಅಂದೆ.

ಇಲ್ಲಿವರೆಗೆ ಎರಡು ದಿಂಬಿನ ಚೀಲ, ಒಂದು ದುಪಟ್ಟಾ. ದುಪಟ್ಟಾಕ್ಕೆ ಸಹೋದ್ಯೋಗಿ ಒಬ್ಬರು 1,800 ಕೊಡ್ತೀನಿ ಅಂದರು. ಲೆಕ್ಕ ಹಾಕಿದೆ. 90 ಗಂಟೆ ಹಿಡಿದಿತ್ತು, ಗಂಟೆಗೆ 20 ರೂಪಾಯಿ. ಹೊಟ್ಟೆಪಾಡಿಗೆ ಇದನ್ನೇ ಮಾಡುವ ಹೆಣ್ಣುಮಕ್ಕಳು ಹೇಗೆ ಬದುಕ್ತಾರೋ ಅನ್ನಿಸಿತು. ಆ ದಿನದಿಂದ ಕಸೂತಿ ಸೀರೆಗೆ ಚೌಕಾಸಿ ಮಾಡೋದು ಬಿಟ್ಟೆ. ದುಪಟ್ಟಾ ಕೊಡಲಿಲ್ಲ.

ಹೋದ ತಿಂಗಳು ಅತ್ತೆ ಬಂದಿದ್ದರು. ಚಹಾ ಮುಟ್ಟುವ ಮೊದಲೇ ದುಪಟ್ಟಾ ತಿರುಗಿಸಿ ಹಿಂಬದಿ ನೋಡಿದರು. ಗಂಟು ಹುಡುಕಿದರು, ಸಿಗಲಿಲ್ಲ. "ಹಿಂದ ಮುಂದ ಒಂದ ಥರಾ ಅದ," ಅಂದರು. ಆಮೇಲೆ ಬೆರಳು ಒಂದು ಆನೆಯ ಹತ್ತಿರ ನಿಂತಿತು. ಅದರ ಹಿಂಗಾಲಲ್ಲಿ ಒಂದು ಹೊಲಿಗೆ ಜಾಸ್ತಿ.

"ಇದ್ಯಾಕ ಬಿಚ್ಚಲಿಲ್ಲ?"

"ಅದು ಮೀಟಿಂಗಿನ ದಿನ, ಅತ್ತೆ. ಇರಲಿ ಅಂತ ಬಿಟ್ಟೆ."