ಹಳೆಯ ಕ್ಯಾಸೆಟ್ಟನ್ನು ಮತ್ತೆ ಹಾಡಿಸುವ ಮುನ್ನ

ಮಾಟುಂಗದ ಹಳೆಯ ಕಟ್ಟಡವಿರಲಿ, ಡೊಂಬಿವಲಿಯ ಫ್ಲ್ಯಾಟ್ ಇರಲಿ, ಮುಂಬಯಿ ಕನ್ನಡಿಗರ ಅನೇಕ ಮನೆಗಳಲ್ಲಿ ಕಪಾಟಿನ ಮೇಲೊಂದು ಪೆಟ್ಟಿಗೆಯ ತುಂಬ ಕ್ಯಾಸೆಟ್‌ಗಳು ಇನ್ನೂ ಉಳಿದಿವೆ. ಅಂಗಡಿಯಲ್ಲಿ ಕೊಂಡ ಭಾವಗೀತೆ ಬೇರೆಲ್ಲಾದರೂ ಸಿಕ್ಕೀತು. ಆದರೆ ಊರಿನ ಮೇಳ ಇಲ್ಲಿಗೆ ಬಂದಾಗ ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತು ಮುದ್ರಿಸಿಕೊಂಡ ಯಕ್ಷಗಾನಕ್ಕೆ ಎರಡನೆಯ ಪ್ರತಿ ಇರುವುದಿಲ್ಲ. ಆದ್ದರಿಂದ ಪ್ಲೇ ಗುಂಡಿ ಒತ್ತುವ ಮೊದಲು ಒಂದೆರಡು ದಿನ ಸಿದ್ಧತೆಗೆಂದೇ ಮೀಸಲಿಡುವುದು ಒಳ್ಳೆಯದು.

ಮೊದಲು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ಕಿಟಕಿಯೊಳಗೆ ನೋಡಬೇಕು. ಸುರುಳಿಯ ಅಂಚು ಕಂದು ಬಣ್ಣದಲ್ಲಿ ನುಣ್ಣಗೆ ಹೊಳೆಯುತ್ತಿದ್ದರೆ ಚಿಂತೆಯಿಲ್ಲ. ಅಂಚಿನ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿಯ ಚುಕ್ಕೆಗಳು ಕಂಡರೆ ಅದು ಬೂಷ್ಟು, ನಮ್ಮ ನಾಲ್ಕು ತಿಂಗಳ ಮಳೆಗಾಲದ ಕೊಡುಗೆ. ಅಂಥದ್ದನ್ನು ಒಳ್ಳೆಯ ಡೆಕ್ಕಿಗೆ, ಅಂದರೆ ಕ್ಯಾಸೆಟ್ ಹಾಡಿಸುವ ಯಂತ್ರಕ್ಕೆ, ಹಾಕಲೇಬಾರದು, ಏಕೆಂದರೆ ಬೂಷ್ಟು ಟೇಪಿನಿಂದ ಧ್ವನಿಯನ್ನು ಓದುವ ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳಿರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕೆಲವು ದಿನ ಇಟ್ಟು ಒಣಗಿಸಿ, ಆಮೇಲೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಟೇಪನ್ನು ಮೆತ್ತನೆಯ ಒಣ ಬಟ್ಟೆಯ ನಡುವೆ ಹಾಯಿಸುತ್ತ ಕೈಯಿಂದ ನಿಧಾನವಾಗಿ ಸುತ್ತಬೇಕು. ಬಿಸಿಲಿಗೆ ಇಡುವುದು ತಪ್ಪು. ಶಾಖಕ್ಕೆ ಟೇಪೂ ಪ್ಲಾಸ್ಟಿಕ್ ಕವಚವೂ ಸೊಟ್ಟಗಾಗುತ್ತವೆ.

ಬೂಷ್ಟಿಲ್ಲದ ಕ್ಯಾಸೆಟ್ಟಿನಲ್ಲೂ ಟೇಪಿನ ಹಿಂದೆ ಹೆಡ್‌ಗೆ ಆನಿಕೊಳ್ಳುವ ಪುಟ್ಟ ಮೆತ್ತೆ ಉದುರಿಲ್ಲವೆಂದು ನೋಡಿಕೊಳ್ಳಿ. ಅದಿಲ್ಲದಿದ್ದರೆ ಧ್ವನಿ ದೂರದಿಂದ ಬಂದಂತೆ ಮಂಕಾಗುತ್ತದೆ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿದ್ದ ಸುರುಳಿಯನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ಸುತ್ತಿ ಹಿಂದಕ್ಕೆ ತಂದರೆ ಪದರಗಳು ಸಡಿಲವಾಗುತ್ತವೆ. 120 ನಿಮಿಷದ ಕ್ಯಾಸೆಟ್‌ಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು, ಅವುಗಳ ಟೇಪು ಬಹಳ ತೆಳು. ನಮ್ಮ ತಂದೆಯವರ ಪೆಟ್ಟಿಗೆಯಲ್ಲಿದ್ದ ಅಂಥದ್ದೊಂದನ್ನು ನಾನು ನೋಡದೆ ಹಾಕಿದ್ದೆ. ಅದು ರೋಲರಿಗೆ ಸುತ್ತಿಕೊಂಡಿತು. ಬಿಡಿಸಿ ನೇರ ಮಾಡಿದರೂ ಗೇಣುದ್ದದ ಸುಕ್ಕು ಉಳಿದು, ಆ ಪದ್ಯದ ನಡುವೆ ಭಾಗವತರ ಧ್ವನಿ ಇಂದಿಗೂ ಕ್ಷಣಕಾಲ ಮಸುಕಾಗುತ್ತದೆ.

ಈಗ ಡೆಕ್ಕಿನ ಸರದಿ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹೆಡ್ಡನ್ನೂ ಟೇಪನ್ನು ಎಳೆಯುವ ಲೋಹದ ಕ್ಯಾಪ್‌ಸ್ಟನ್ ಕಡ್ಡಿಯನ್ನೂ ಒರೆಸಿ. ಹತ್ತಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಬಿಡಬೇಡಿ. ರಬ್ಬರಿನ ರೋಲರಿಗೆ ಸೌಮ್ಯ ಸಾಬೂನಿನ ನೀರೇ ಸಾಕು. ಮೋಟಾರು ತಿರುಗಿದರೂ ಟೇಪು ಓಡದಿದ್ದರೆ ಬಹುಮಟ್ಟಿಗೆ ಒಳಗಿನ ಬೆಲ್ಟ್ ಸಡಿಲವಾಗಿರುತ್ತದೆ, ಇಲ್ಲವೇ ಕರಗಿ ಡಾಂಬರಿನಂತಾಗಿರುತ್ತದೆ. ಹಳೆಯ ಬೆಲ್ಟನ್ನು ಅಳತೆಗೆ ಒಯ್ದು ಗ್ರ್ಯಾಂಟ್ ರೋಡ್ ನಿಲ್ದಾಣದ ಸಮೀಪದ ಲ್ಯಾಮಿಂಗ್ಟನ್ ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬಹುದು.

ಡೆಕ್ಕಿನ ತಂತಿಗಳನ್ನು, ಕೆಂಪು ಬಲಕ್ಕೆ ಬಿಳಿ ಎಡಕ್ಕೆ, ಆಂಪ್ಲಿಫೈಯರಿನ ಟೇಪ್ ಅಥವಾ ಆಕ್ಸ್ ಎಂಬ ಕಿಂಡಿಗೆ ಜೋಡಿಸಿ. ಫೋನೋ ಎಂಬ ಕಿಂಡಿ ಗ್ರಾಮಫೋನ್ ತಟ್ಟೆಯ ಕ್ಷೀಣ ಸಂಕೇತಕ್ಕೆಂದೇ ಇರುವುದು. ಅಲ್ಲಿಗೆ ಸಿಕ್ಕಿಸಿದರೆ ಧ್ವನಿ ಒಡೆಯುತ್ತದೆ. ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿದಿಟ್ಟರೆ ಕೈತಪ್ಪಿ ರೆಕಾರ್ಡ್ ಒತ್ತಿದರೂ ಏನೂ ಅಳಿಯುವುದಿಲ್ಲ. ಟೇಪಿನ ಹಿನ್ನೆಲೆಯ ಸುಯ್ ಸದ್ದನ್ನು ತಗ್ಗಿಸುವ ಡಾಲ್ಬಿ ಗುಂಡಿಯನ್ನು ಡಾಲ್ಬಿಯಲ್ಲೇ ಮುದ್ರಿಸಿದ ಟೇಪಿಗೆ ಮಾತ್ರ ಬಳಸಿ.

ಇಷ್ಟಾದ ಮೇಲೂ ಧ್ವನಿ ಕಂಬಳಿ ಹೊದ್ದಂತಿದ್ದರೆ ಹೆಡ್ಡಿನ ಓರೆಯನ್ನು, ಅಂದರೆ ಅಜಿಮತ್ ಅನ್ನು, ಸರಿಪಡಿಸಬೇಕಾಗುತ್ತದೆ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಕ್ಯಾಸೆಟ್ ವ್ಯವಸ್ಥೆಯಲ್ಲಿ ಟೇಪಿನ ಅಗಲ 3.81 ಮಿಲಿಮೀಟರ್, ಓಟ ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ. ಅಷ್ಟು ಕಿರಿದಾದ ಪಟ್ಟಿಯಲ್ಲಿ ಎರಡು ಬದಿಗಳ ಸ್ಟೀರಿಯೋಗೆ ನಾಲ್ಕು ಧ್ವನಿಪಥಗಳಿರುವುದರಿಂದ, ಹೆಡ್ ಕೂದಲೆಳೆಯಷ್ಟು ಓರೆಯಾದರೂ ಮೊದಲು ಮಾಯವಾಗುವುದು ಚೂಪಾದ ಸ್ವರಗಳು. ಮುದ್ರಿಸಿದ ಯಂತ್ರವೂ ನಿಮ್ಮ ಯಂತ್ರವೂ ಬೇರೆ ಬೇರೆಯಾದಾಗ ಇದು ಸಾಮಾನ್ಯ. ಟೇಪು ಓಡುತ್ತಿರುವಾಗಲೇ ಹೆಡ್ಡಿನ ಬದಿಯ, ಸ್ಪ್ರಿಂಗ್ ಇರುವ ಸ್ಕ್ರೂವನ್ನು ಕಾಂತತ್ವವಿಲ್ಲದ ಸಣ್ಣ ಸ್ಕ್ರೂಡ್ರೈವರಿನಿಂದ ಕಾಲು ಸುತ್ತಿಗೂ ಕಡಿಮೆ ಅತ್ತಿತ್ತ ತಿರುಗಿಸಿ. ಮೊದಲಿದ್ದ ಸ್ಥಾನವನ್ನು ಗುರುತು ಹಾಕಿಕೊಂಡಿರಿ. ಯಕ್ಷಗಾನದ ಟೇಪಾದರೆ ಭಾಗವತರ ಕೈಯಲ್ಲಿನ ಲೋಹದ ತಾಳಕ್ಕೆ ಕಿವಿಗೊಡುವುದು ನನ್ನ ರೂಢಿ. ಮದ್ದಳೆ ಎಲ್ಲ ಸ್ಥಾನದಲ್ಲೂ ಹೆಚ್ಚುಕಡಿಮೆ ಒಂದೇ ತೆರನಾಗಿ ಕೇಳುತ್ತದೆ. ತಾಳ ಮಾತ್ರ ಸರಿಯಾದ ಒಂದು ಬಿಂದುವಿನಲ್ಲಿ ತಟ್ಟನೆ ಠಣ್ ಎಂದು ತೆರೆದುಕೊಳ್ಳುತ್ತದೆ. ಅಲ್ಲಿಗೆ ಕೈ ತೆಗೆಯಬೇಕು.

ಕೇಳಿ ಮುಗಿದ ಬಳಿಕ ವೇಗವಾಗಿ ಹಿಂದಕ್ಕೆ ಸುತ್ತದೆ, ಬದಿ ಮುಗಿದಿರುವಂತೆಯೇ ತೆಗೆದಿಡಿ. ಪ್ಲೇ ವೇಗದಲ್ಲಿ ಸುತ್ತಿಕೊಂಡ ಪದರಗಳು ಸಮವಾಗಿರುತ್ತವೆ. ಅದರದೇ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಸ್ಪೀಕರಿನ ಆಯಸ್ಕಾಂತದಿಂದಲೂ ಮಳೆಗಾಲದಲ್ಲಿ ತೇವ ಹೀರುವ ಹೊರಗೋಡೆಯಿಂದಲೂ ದೂರವಿಡಿ. ಪ್ರಸಂಗದ ಹೆಸರು, ಭಾಗವತರು, ಆಟ ನಡೆದ ಸಭಾಂಗಣ, ಇವು ನೆನಪಿರುವ ಹಿರಿಯರು ಮನೆಯಲ್ಲಿದ್ದರೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಅವರು ಹೇಳಿದ್ದನ್ನು ಅಂದೇ ಒಳಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ.