ಬಿಲ್ ಬಾರದ ಮನೆಯ ಖರ್ಚು: ನನ್ನ ಅನುಭವ

ವಿದ್ಯುತ್ ಜಾಲಕ್ಕೂ ಸಾರ್ವಜನಿಕ ನೀರಿನ ಕೊಳವೆಗೂ ಸೇರದ, 18 ಚದರ ಮೀಟರಿನ ಪುಟ್ಟ ಮನೆಯಲ್ಲಿ ನಾನು ವಾಸಕ್ಕೆ ತೊಡಗಿ 5 ವರ್ಷಗಳಾದವು. ಮೊದಲ ವರ್ಷ ಯಾರಾದರೂ ಖರ್ಚಿನ ಬಗ್ಗೆ ಕೇಳಿದರೆ, ಕರೆಂಟ್ ಬಿಲ್ಲೂ ಇಲ್ಲ, ನೀರಿನ ಬಿಲ್ಲೂ ಇಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ. ಮಾತೇನೋ ಸುಳ್ಳಲ್ಲ, ಆದರೆ ತಿಂಗಳಿಗೊಮ್ಮೆ ಬರಬೇಕಿದ್ದ ಆ ಬಿಲ್ಲುಗಳೆಲ್ಲ, ಎರಡು ವರ್ಷ ಮೂರು ತಿಂಗಳ ಬಳಿಕ ಬ್ಯಾಟರಿಗಳು ಕೈಕೊಟ್ಟ ದಿನ ಒಟ್ಟಿಗೇ ಬಂದವು.

ನಾನು ಕೊಂಡಿದ್ದವು 12 ವೋಲ್ಟಿನ, 150 ಆಂಪಿಯರ್-ಅವರ್‌ನ ಎರಡು ಲೆಡ್ ಆಸಿಡ್ ಬ್ಯಾಟರಿಗಳು. ಗುಣಿಸಿದರೆ 3,600 ವ್ಯಾಟ್-ಅವರ್ (ಸಾವಿರ ವ್ಯಾಟ್-ಅವರ್ ಎಂದರೆ ಒಂದು ಯೂನಿಟ್ ಕರೆಂಟ್) ಆಗುತ್ತದೆ, ನಿಜ. ಆದರೆ ಅವು ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಕೈಗೆ ಸಿಗುವುದು 1,800 ಮಾತ್ರ. ನನ್ನ ದಿನದ ಬಳಕೆ ಸುಮಾರು 1,150 ವ್ಯಾಟ್-ಅವರ್ ಇತ್ತು. ಬಿಸಿಲಿದ್ದಾಗ 800 ವ್ಯಾಟಿನ ಸೌರ ಪ್ಯಾನೆಲ್‌ಗಳು ಅದಕ್ಕಿಂತ ಹೆಚ್ಚೇ ಕೊಡುತ್ತಿದ್ದವು. ದಟ್ಟ ಮೋಡ ಕವಿದರೆ 600 ದಾಟುತ್ತಿರಲಿಲ್ಲ. ಅಂತಹ ಮೂರು ದಿನ ಸಾಲಾಗಿ ಬಂದರೆ ಗಡಿ ಮುಟ್ಟಿದಂತೆಯೇ, ಮತ್ತು ನಾನು ನಾಲ್ಕನೆಯ ದಿನವೂ ಲ್ಯಾಪ್‌ಟಾಪ್ ಹಚ್ಚಿಕೊಂಡು ಕುಳಿತಿರುತ್ತಿದ್ದೆ. ಪೂರ್ತಿ ಚಾರ್ಜ್ ಆಗದೆ ದಿನಗಟ್ಟಲೆ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟೇ ಬಿಸಿಲು ಬಿದ್ದರೂ ಹಳೆಯ ಶಕ್ತಿ ಮರಳುವುದಿಲ್ಲ.

ಕರೆಂಟ್ ಕದಿಯುವ ಕಳ್ಳ ಎಲ್ಲಿದ್ದಾನೆಂದು ತಿಳಿದದ್ದು ಒಂದು ರಾತ್ರಿ. ದೀಪ ಆರಿಸಿ ಮಲಗಿದ ಮೇಲೂ ಮಂಚದ ಕೆಳಗೆ, ಬ್ಯಾಟರಿಯ 12 ವೋಲ್ಟನ್ನು ಮಾಮೂಲಿ ಮನೆಬಳಕೆಯ ಕರೆಂಟಾಗಿ ಬದಲಿಸುವ ಇನ್ವರ್ಟರಿನ ಹಸಿರು ಚುಕ್ಕೆ ಉರಿಯುತ್ತಿತ್ತು, ಸಣ್ಣಗೆ ಗುಂಯ್‌ಗುಡುತ್ತಿತ್ತು. ಮೀಟರ್ ಹಚ್ಚಿ ನೋಡಿದರೆ, ಯಾವ ಕೆಲಸವನ್ನೂ ಮಾಡದೆ 15 ವ್ಯಾಟ್ ತಿನ್ನುತ್ತಿತ್ತು. ದಿನಕ್ಕೆ 360 ವ್ಯಾಟ್-ಅವರ್, ಅಂದರೆ ನನ್ನ ಬಳಕೆಯ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ದೀಪಗಳನ್ನೂ ಫ್ರಿಜ್ಜನ್ನೂ ನೇರವಾಗಿ 12 ವೋಲ್ಟಿಗೆ ಬದಲಿಸಿ, ಲ್ಯಾಪ್‌ಟಾಪ್ ಚಾರ್ಜ್ ಮಾಡುವಾಗ ಮಾತ್ರ ಇನ್ವರ್ಟರ್ ಹಾಕುವ ಅಭ್ಯಾಸ ಮಾಡಿಕೊಂಡೆ. ಇನ್ನೊಂದು ಪ್ಯಾನೆಲ್ ಕೊಳ್ಳಬೇಕೆಂದಿದ್ದ ಹಣ ಹೀಗೆ ಉಳಿಯಿತು.

ಹೊಸ ಬ್ಯಾಟರಿಗೆ ಲೀಥಿಯಂ ಐರನ್ ಫಾಸ್ಫೇಟ್ ಆರಿಸಿಕೊಂಡೆ. ಅದೇ ಸಾಮರ್ಥ್ಯದ ಹಳೆಯ ಬಗೆಗೆ ಕೊಡಬೇಕಾದ ಬೆಲೆಯ ಎರಡೂವರೆ ಪಟ್ಟು ತೆರಬೇಕಾಯಿತು. ಆದರೂ ಸಾಮರ್ಥ್ಯದ ಶೇ. 80ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು, 2,000ಕ್ಕೂ ಹೆಚ್ಚು ಸಲ ಚಾರ್ಜ್ ಮಾಡಬಹುದು ಎಂಬುದನ್ನು ಸೇರಿಸಿ ಭಾಗಿಸಿದರೆ, ಪ್ರತಿ ಯೂನಿಟ್ಟಿಗೆ ಬೀಳುವ ಖರ್ಚು ಹಳೆಯದಕ್ಕಿಂತ ಕಡಿಮೆ. ಶೂನ್ಯ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡಬಾರದು ಎಂಬುದೊಂದೇ ಎಚ್ಚರಿಕೆ.

ನೀರಿನ ಲೆಕ್ಕ ಸರಳ. ಒಂದು ಚದರ ಮೀಟರ್ ಚಾವಣಿಗೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಮೊದಲ ಕೊಳೆನೀರನ್ನು ಹೊರಬಿಟ್ಟು, ಚೆಲ್ಲಿದ್ದನ್ನು ಕಳೆದರೆ 10 ಮಿಲಿಮೀಟರ್ ಮಳೆಗೆ ನನಗೆ 140 ಲೀಟರ್ ಸಿಗುತ್ತದೆ. ದಿನಕ್ಕೆ 45 ಲೀಟರಿನಲ್ಲಿ ಸುಧಾರಿಸುವುದನ್ನು ಕಲಿತಿದ್ದೇನೆ, ಆದ್ದರಿಂದ ತುಂಬಿದ 2,000 ಲೀಟರಿನ ತೊಟ್ಟಿ ಆರು ವಾರ ಬರುತ್ತದೆ. ಮಳೆ ಅದಕ್ಕಿಂತ ಹೆಚ್ಚು ದಿನ ಕೈಕೊಟ್ಟರೆ ಟ್ಯಾಂಕರ್ ತರಿಸಬೇಕು. ಕಾಂಪೋಸ್ಟ್ ಶೌಚಾಲಯಕ್ಕೆ ಮರದ ಹೊಟ್ಟಿನ ಖರ್ಚು ಮಾತ್ರ.

ನಾನು ಪೂರಾ ತಪ್ಪಿ ಅಂದಾಜಿಸಿದ್ದು ಓಡಾಟವನ್ನು. ಅಗ್ಗದ ಜಾಗ ದೂರದಲ್ಲಿ ಸಿಗುತ್ತದೆ. ಅಲ್ಲಿಂದ ಗ್ಯಾಸ್ ಸಿಲಿಂಡರ್ ತರಲು, ಸುಟ್ಟ ಫ್ಯೂಸ್ ಬದಲಿಸಲು, ಬಟ್ಟೆ ಒಗೆಸಲು ಪ್ರತಿ ಬಾರಿಯೂ ಗಾಡಿ ತೆಗೆಯಬೇಕು. ಈಗ ನನಗೆ ನಾನೇ ಬಿಲ್ ಹಾಕಿಕೊಳ್ಳುತ್ತೇನೆ: ಬ್ಯಾಟರಿಯ ಬೆಲೆಯನ್ನು 96 ತಿಂಗಳಿಗೆ ಭಾಗಿಸಿ, ಬಂದ ಮೊತ್ತವನ್ನು ತಿಂಗಳ ಮೊದಲ ದಿನವೇ ಪ್ರತ್ಯೇಕ ಖಾತೆಗೆ ಹಾಕುತ್ತೇನೆ. ಜಾಗದ ಬಾಡಿಗೆಯನ್ನು ಬಿಟ್ಟರೆ, ನನ್ನ ಖರ್ಚಿನ ಲೆಕ್ಕದಲ್ಲಿ ಇಂದಿಗೂ ದೊಡ್ಡ ಅಂಕಿ ಗಾಡಿಯ ಇಂಧನದ್ದೇ.